ಹುಳಿಸಿ ಉಳಿಸಿದ ಹುಲಿಯಮ್ಮ

ಶಿರಾಳಕೊಪ್ಪದ ಸಂತೆ ಮುಗಿಸಿಕೊಂಡು ಹುಚ್ಚರಾಯಪ್ಪ ಗಾಡಿಯ ಮುಂದೆ ನೆಟ್ಟಗೆ ಕೂತು ಊರಿಗೆ ಬಂದ ದಿನ, ಅವನಿಗೆ ಮೈ ಹುಷಾರಿಲ್ಲ ಎಂದು ಊರೇ ತೀರ್ಮಾನಿಸಿತು. ಸಂತೆಯ ದಿನ ಆ ಗಾಡಿಯನ್ನು ಊರಿಗೆ ತರುತ್ತಿದ್ದುದು ಎತ್ತುಗಳು. ಹುಚ್ಚರಾಯಪ್ಪ ಹಿಂದೆ ಖಾಲಿ ಚೀಲಗಳ ಮೇಲೆ ಅಂಗಾತ ಮಲಗಿ, ಆಕಾಶಕ್ಕೆ ಬುದ್ಧಿ ಹೇಳುತ್ತ ಬರುತ್ತಿದ್ದ. ಅವತ್ತು ಹೊತ್ತು ಮುಳುಗುವ ಮೊದಲೇ, ತಾನೇ ಹಗ್ಗ ಹಿಡಿದು ಬಂದ. ಎತ್ತುಗಳೂ ಗಾಬರಿಯಾಗಿ ದಾರಿಯಲ್ಲಿ ಎರಡು ಸಲ ಹಿಂದಿರುಗಿ ನೋಡಿದವಂತೆ.

ಪಕ್ಕದ ಮನೆಯ ಕೆಂಪಪ್ಪ, ಅವನೂ ಗಾಡಿ ಹೊಡೆಯುವವನೇ, ಬೇಲಿಯಾಚೆಯಿಂದ ಕೂಗಿದ.

"ಏನಲೇ ಹುಚ್ಚ, ಜ್ವರ ಬಂದೈತೇನು?"

"ಇಲ್ಲಲೇ."

"ಮತ್ತ ಹೆಂಡದಂಗಡಿ ಮುಚ್ಚಿತ್ತೇನು?"

"ತೆರದಿತ್ತು. ನಾನೇ ಮುಂದ ಹಾದು ಬಂದೆ."

ಕೆಂಪಪ್ಪ ಒಳಗೆ ತಿರುಗಿ ಹೆಂಡತಿಗೆ ಹೇಳಿದ: "ಆ ಮನಿಗೆ ಒಂದೀಟು ಗಂಜಿ ಕಾಸಿ ಕಳಸು."

ಗಂಜಿ ಬೇಕಿರಲಿಲ್ಲ. ಅದು ಕಾಯಿಲೆಯಲ್ಲ, ಅವನ ಹೆಂಡತಿ ಹುಲಿಯಮ್ಮನ ಮದ್ದು.

ಹುಚ್ಚರಾಯಪ್ಪ ನಮ್ಮ ತಂದೆಯ ಅಕ್ಕಿ ಗಿರಣಿಗೆ ಭತ್ತ ಹೇರಿಕೊಂಡು ಬರುತ್ತಿದ್ದವರಲ್ಲಿ ಒಬ್ಬ. ಹೆಂಡದ ವಾಸನೆ ಬಡಿದರೆ ಸ್ನಾನ ಮಾಡುವ ಮನೆತನ ನಮ್ಮದು. ಆದ್ದರಿಂದಲೇ ಹೆಂಡದ ಕಥೆಗಳನ್ನು ಬಹಳ ಗಮನವಿಟ್ಟು ಕೇಳುತ್ತಿದ್ದೆವು. ಗಿರಣಿಯ ಕಟ್ಟೆಯ ಮೇಲೆ ಅವನೇ ಕೂತು ಹೇಳಿದ್ದು ಇದು. ಆಮೇಲೆ ಹುಲಿಯಮ್ಮನೂ ಹೇಳಿದಳು; ಅವಳು ಹೇಳಿದ್ದನ್ನೇ ಹೆಚ್ಚಾಗಿ ನಂಬಿದ್ದೇನೆ.

ಹುಲಿಯಮ್ಮ ಸೊರಬದ ಕಡೆಯ ಹೆಣ್ಣು. ಮದುವೆಯಾಗಿ ಶಿಕಾರಿಪುರ ತಾಲ್ಲೂಕಿನ ಹುಣಸೆಕೊಪ್ಪಕ್ಕೆ ಬಂದಾಗ ತವರಿನವರು ಒಂದು ಹಿತ್ತಾಳೆ ಕೊಡ ಕೊಟ್ಟು ಕಳಿಸಿದ್ದರು. ಕೊಡವೇನೋ ಫಳಫಳ ಹೊಳೆಯುತ್ತಿತ್ತು, ನೀರು ಮಾತ್ರ ಅರ್ಧ ಮೈಲಿ ಆಚೆಯ ಕೆರೆಯಲ್ಲಿತ್ತು. ಅಂಜನಾಪುರದ ಕಾಲುವೆ ಹುಣಸೆಕೊಪ್ಪಕ್ಕೆ ಬರುವ ಮನಸ್ಸು ಮಾಡಿ, ಎರಡು ಮೈಲಿ ಮೊದಲೇ ಮನಸ್ಸು ಬದಲಿಸಿ ಬಲಕ್ಕೆ ತಿರುಗಿಬಿಟ್ಟಿತ್ತು. ಮನೆಗೆ, ಎತ್ತಿಗೆ, ಎಮ್ಮೆಗೆ ಸೇರಿ ದಿನಕ್ಕೆ ಹನ್ನೆರಡು ಕೊಡ. ಹತ್ತು ವರ್ಷ ಹೊತ್ತಳು. ಹನ್ನೊಂದನೆಯ ವರ್ಷ, ಯುಗಾದಿಗೆ ಎರಡು ದಿನವಿರುವಾಗ, ಕೆರೆಯ ಏರಿಯ ಮೇಲೆ ಕಾಲು ಜಾರಿ ಬಿದ್ದಳು. ಕೊಡಕ್ಕೆ ತಗ್ಗು ಬಿತ್ತು, ಮಂಡಿಗೆ ಉಬ್ಬು ಬಂತು.

ಕುಂಟುತ್ತ ಬಂದು ಕೊಡವನ್ನು ಅಂಗಳದಲ್ಲಿ ಕುಕ್ಕಿ ಹೇಳಿದಳು: "ಇದೇ ಕಡೇ ವರ್ಷ. ಬರೋ ವರ್ಷದ ಯುಗಾದಿಗೆ ನಾನು ಎಣ್ಣೆನೀರು ಹಾಕ್ಕಳದು ನನ್ನ ಹಿತ್ಲ ಬಾವಿ ನೀರಲ್ಲೇ. ಕೆರೆ ನೀರು ಹೊತ್ತು ಇನ್ನೊಂದು ಯುಗಾದಿ ಮಾಡದಿಲ್ಲ."

ಅತ್ತೆ ಶೇಷಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ನಾಲಿಗೆಗೆ ಮಾತ್ರ ವಯಸ್ಸಾಗದ ಹೆಂಗಸು. "ಬಾವಿ ತೋಡಸಾಕ ನಿಮ್ಮಪ್ಪ ಕೊಡ್ತಾನೇನ ರೊಕ್ಕ?" ಎಂದಳು.

"ನಮ್ಮಪ್ಪ ಕೊಡ ಕೊಟ್ಟಾನೆ ಅತ್ತೆ. ಅದ್ರೊಳಗೆ ನೀರು ನಿಮ್ಮ ಮಗ ಕೊಡ್ಲಿ."

ಬಾವಿ ತೋಡುವ ಮೇಸ್ತ್ರಿ ಬಂದು ಹಿತ್ತಲು ನೋಡಿ, ಒಂದು ಹಿಡಿ ಮಣ್ಣು ಮೂಸಿ, ನೂರ ನಲವತ್ತು ರೂಪಾಯಿ ಎಂದ. ಹುಚ್ಚರಾಯಪ್ಪ ಅದನ್ನು ಕೇಳಿ ಸಂಕಟ ತಡೆಯಲಾರದೆ ಹೆಂಡದಂಗಡಿಗೆ ಹೋದ.

ಅಲ್ಲಿಂದಲೇ ಹುಲಿಯಮ್ಮನಿಗೆ ದಾರಿ ಹೊಳೆಯಿತು. ಹುಚ್ಚರಾಯಪ್ಪ ಕುಡುಕನಲ್ಲ, ಕುಡಿಸುಕ. ಒಬ್ಬನೇ ಕುಡಿಯುವುದೆಂದರೆ ಒಬ್ಬನೇ ಜಗಳವಾಡಿದ ಹಾಗೆ ಎನ್ನುವವನು. ಸಂತೆಯ ದಿನ ಅಂಗಡಿಗೆ ಹೋದರೆ ಜೊತೆಗೆ ನಾಲ್ಕು ಜನ ಗಾಡಿಯವರು, ಐವರಿಗೂ ಇವನದೇ ದುಡ್ಡು. ಅದೇ ಸುಮಾರಿಗೆ ಸರ್ಕಾರ ಆಣೆ ತೆಗೆದು ನಯಾಪೈಸೆ ತಂದಿತ್ತು. ಎರಡಾಣೆಯ ಕುಡಿಕೆ ಹೆಂಡಕ್ಕೆ ಹನ್ನೆರಡೂವರೆ ನಯಾಪೈಸೆ ಆಗಬೇಕು. ಅಂಗಡಿಯವನು, "ಅರ್ಧ ಪೈಸೆ ಸರ್ಕಾರದ ಹತ್ರಾನೇ ಇಲ್ಲ, ನನ್ನ ಹತ್ರ ಎಲ್ಲಿಂದ ಬರಬೇಕು?" ಎಂದು ಹದಿಮೂರು ತೆಗೆದುಕೊಳ್ಳುತ್ತಿದ್ದ.

"ಏನ್ರೀ," ಎಂದಳು ಹುಲಿಯಮ್ಮ, "ಆ ಅಂಗಡಿಯವ್ನಿಗೆ ಕೊಡೋ ದುಡ್ಡು ನಂಗೆ ಕೊಡಿ. ಹೆಂಡ ನಾನೇ ಹಾಕ್ತೀನಿ."

"ನೀನಾ?"

"ನಮ್ಮ ಕಡೆ ಹೆಂಡ ಹಾಕಕ್ಕೆ ಬರದಿದ್ದ ಹುಡುಗೀನ ಯಾರೂ ಮದ್ವೆ ಆಗದಿಲ್ಲ. ಹತ್ತು ವರ್ಷ ಆಯ್ತು, ನೀವು ಕೇಳ್ಲೇ ಇಲ್ಲ."

ತವರಿಗೆ ಹೋಗಿ ಹತ್ತು ಬಿಳಿಯ ಬಿಲ್ಲೆ ತಂದಳು. ಯಾವುದೋ ಬೇರು, ಯಾವುದೋ ತೊಗಟೆ ಅರೆದು, ಅಕ್ಕಿಹಿಟ್ಟಿನಲ್ಲಿ ಕಲಸಿ, ತಟ್ಟಿ ಒಣಗಿಸಿದ ಬಿಲ್ಲೆಗಳು. ಅವಳ ತವರಿನಲ್ಲಿ ಅದಕ್ಕೆ ಮದ್ದು ಎನ್ನುತ್ತಾರೆ. ಕೆಂಪಕ್ಕಿ ಅನ್ನ ಬಸಿದು, ಚಾಪೆಯ ಮೇಲೆ ಹರಡಿ ಆರಿಸಿ, ಮದ್ದನ್ನು ಪುಡಿಮಾಡಿ ಉದುರಿಸಿ, ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಮಗ್ಗುಲಲ್ಲಿ ಹುಲ್ಲಿನ ಸಿಂಬಿಯ ಮೇಲೆ ಕೂರಿಸಿದಳು. ಕೂರಿಸಿ ಮನೆಯವರನ್ನೆಲ್ಲ ಕರೆದು ಮೂರು ಕಟ್ಟಳೆ ಹೇಳಿದಳು. ಗಡಿಗೆ ಇಳಿಸಿದ ದಿನ ಮೊದಲ ಸೌಟು ಒಲೆಗೆ. ಮನೆಯ ಗಡಿಗೆಯ ಹೆಂಡವನ್ನು ದುಡ್ಡಿಗೆ ಮಾರಬಾರದು. ಮಾರಿದರೆ ಮದ್ದು ಸಾಯುತ್ತದೆ. ಗಡಿಗೆ ಕೂತಿರುವಷ್ಟು ದಿನ ಅದಕ್ಕೆ ಕೇಳುವ ಹಾಗೆ ಯಾರೂ ಜಗಳ ಆಡಬಾರದು; ಆಡಿದರೆ ಹುಳಿಯುತ್ತದೆ.

ಶೇಷಮ್ಮನಿಗೆ ಮೊದಲೆರಡು ಒಪ್ಪಿಗೆಯಾಯಿತು. ಮೂರನೆಯದನ್ನು ಕೇಳಿ, "ಗಡಿಗಿಗೆ ಕಿವಿ ಎಲ್ಲೈತಿ?" ಎಂದಳು.

"ಸೊಸೆಗೆ ಬಾಯಿಲ್ಲ ಅಂದ್ಕಂಡಿದ್ರಲ್ಲ ಅತ್ತೆ, ಹಂಗೇ ಇದು," ಎಂದಳು ಹುಲಿಯಮ್ಮ.

ಶೇಷಮ್ಮ ಬಾಯಿ ತೆರೆದಳು, ಗಡಿಗೆ ನೋಡಿದಳು, ಮುಚ್ಚಿದಳು. ಆ ಮನೆಯಲ್ಲಿ ಹಾಗೊಂದು ಘಟನೆ ಹತ್ತು ವರ್ಷಗಳಲ್ಲಿ ನಡೆದಿರಲಿಲ್ಲ.

ಎರಡನೆಯ ದಿನ ಗಡಿಗೆಗೆ ಕಿವಿ ಇಟ್ಟರೆ ಒಳಗೆ ಗುಸುಗುಸು. ಮೂರನೆಯ ದಿನ, ಯಾರೋ ಮದುವೆ ಮನೆಯಲ್ಲಿ ಮಾತಾಡಿಕೊಂಡ ಹಾಗೆ. ನಾಲ್ಕನೆಯ ದಿನ ಸದ್ದು ತಗ್ಗಿ, ಮನೆಯೆಲ್ಲ ಮಾಗಿದ ಬಾಳೆಹಣ್ಣಿನಂಥ ಪರಿಮಳ. ಸೋಸಿ ಕೊಟ್ಟಳು. ಹುಚ್ಚರಾಯಪ್ಪ ಮೊದಲ ಲೋಟ ಕುಡಿದು ಮತ್ತೆ ಲೋಟ ಚಾಚಿದ. ಎರಡನೆಯದು ಕುಡಿದು ಅಂಗಡಿಯವನನ್ನು ಬೈದ. ಮೂರನೆಯದು ಕುಡಿದು, ಹತ್ತು ವರ್ಷ ಏನೂ ಕೇಳದ ತನ್ನನ್ನೇ ಬೈದುಕೊಂಡ.

ಆ ವಾರವೇ ಅವನು ಸಂತೆಯಿಂದ ನೆಟ್ಟಗೆ ಬಂದದ್ದು. ಉಳಿದ ದುಡ್ಡನ್ನು ಹುಲಿಯಮ್ಮ ತೊಲೆಗೆ ತೂಗುಹಾಕಿದ್ದ ಬಿದಿರಿನ ಅಂಡೆಗೆ ಹಾಕಿದಳು. ಹೊಸ ಪೈಸೆ ಹಳೆಯ ಬಿದಿರಿಗೆ ಬಿದ್ದು ಠಣ್ ಎಂದಿತು. ಹೆಂಡವನ್ನು ಹುಳಿಸಿ ಬಾವಿಗೆ ಉಳಿಸುವ ಈ ಉಪಾಯದಲ್ಲಿ ಇನ್ನೊಂದು ಲಾಭವೂ ಇತ್ತು. ಒಂದು ಗಡಿಗೆ ಇಳಿಯುವ ದಿನವೇ ಇನ್ನೊಂದು ಕೂರುತ್ತಿತ್ತಾದ್ದರಿಂದ, ಮನೆಯಲ್ಲಿ ಜಗಳಕ್ಕೆ ದಿನವೇ ಸಿಗುತ್ತಿರಲಿಲ್ಲ. ಶೇಷಮ್ಮ ತೀರ ತಡೆಯಲಾರದಾದಾಗ ಕೆರೆಯ ಏರಿಯ ತನಕ ನಡೆದು, ಅಲ್ಲಿ ಗಾಳಿಗೆ ಎರಡು ಮಾತು ಬೈದು ಬರುತ್ತಿದ್ದಳು. ಮನೆಯಲ್ಲಿ ಹೆಂಡ ಹಾಕುವುದಕ್ಕೆ ಕಾನೂನು ಏನೆನ್ನುತ್ತಿತ್ತೆಂದು ಯಾರೂ ಕೇಳಲಿಲ್ಲ. ಕಾನೂನಿಗೆ ಹುಣಸೆಕೊಪ್ಪದ ದಾರಿ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಬಸ್ಸಿಗೂ ಗೊತ್ತಾಗುತ್ತಿರಲಿಲ್ಲ.

ಕಾನೂನಿಗೆ ಗೊತ್ತಿಲ್ಲದ ದಾರಿ ನೆಂಟರಿಗೆ ಗೊತ್ತಿತ್ತು.

ಮೊದಲು ಬಂದವನು ಕೆಂಪಪ್ಪ, ಗಂಜಿಯ ಪಾತ್ರೆ ವಾಪಸು ತೆಗೆದುಕೊಂಡು ಹೋಗುವ ನೆಪದಲ್ಲಿ. ಬಂದವನಿಗೆ ಒಂದು ಲೋಟ ಕೊಡದೆ ಕಳಿಸುವುದು ಹೇಗೆ? ಅವನು ಆ ಪಾತ್ರೆಯನ್ನು ಅಲ್ಲೇ ಮರೆತು ಹೋದ, ಮರುದಿನ ಮತ್ತೆ ಬಂದ, ಮತ್ತೆ ಮರೆತ. ಆಮೇಲೆ ಉಳಿದ ಗಾಡಿಯವರು. ಆಮೇಲೆ ಶಿಕಾರಿಪುರದಿಂದ ಉಚ್ಚಂಗಪ್ಪ, ಹುಚ್ಚರಾಯಪ್ಪನ ಅಕ್ಕನ ಗಂಡ. ದನದ ವ್ಯಾಪಾರ ಮಾಡುವ ಈ ಮನುಷ್ಯ ಆನೆಯಂಥ ಆಳು. ಆನೆಯ ಹಾಗೇ, ತಿನ್ನಲು ಕೊಟ್ಟರೆ ಮಾತ್ರ ಏಳುವವನು. ಬಂದರೆ ಮೂರು ದಿನ. "ತಂಗೀ, ನಿನ್ನ ಕೈಯಾಗ ಏನೋ ಐತಿ!" ಎಂದು ಹೊಗಳುತ್ತ, ಅವಳ ಕೈಯಲ್ಲಿದ್ದದ್ದನ್ನೆಲ್ಲ ಕುಡಿಯುತ್ತಿದ್ದ. ಹೆಂಡಕ್ಕೆ ಒಣಮೀನು ಬೇಕು. ಭಾವ ಬಂದಾಗ ಕೋಳಿ ಬೇಕು. ಎಲ್ಲಕ್ಕಿಂತ ಮೊದಲು ಅಕ್ಕಿ ಬೇಕು. ದೀಪಾವಳಿಯ ಹೊತ್ತಿಗೆ ಮನೆಯ ಅಕ್ಕಿ ಮುಗಿದು, ಅಂಡೆಯ ದುಡ್ಡಿನಲ್ಲೇ ಅಕ್ಕಿ ಬಂತು. ಅಂಗಡಿಗೆ ಹೋಗುತ್ತಿದ್ದಾಗ ಐವರಿಗೆ ಕುಡಿಸುತ್ತಿದ್ದ ಹುಚ್ಚರಾಯಪ್ಪ ಈಗ ಮನೆಯಲ್ಲಿ ಇಪ್ಪತ್ತು ಜನಕ್ಕೆ ಕುಡಿಸುತ್ತಿದ್ದ, ಖರ್ಚೇ ಇಲ್ಲ ಎಂದು ಹಿಗ್ಗುತ್ತ.

ಸಂಕ್ರಾಂತಿ ಕಳೆದ ಮೇಲೆ ಅಂಡೆ ಇಳಿಸಿ ಬಗ್ಗಿಸಿದರು. ಇಪ್ಪತ್ತೆರಡು ರೂಪಾಯಿ ಮತ್ತು ಒಂದು ಸತ್ತ ಜಿರಲೆ. ಭಾವ ಬಂದ, ಬಾವಿ ಹೋಯಿತು.

ಹುಚ್ಚರಾಯಪ್ಪ ತಲೆ ಕೆರೆದುಕೊಂಡ. "ಲೋಟಕ್ಕ ಹತ್ತು ಪೈಸೆ ಇಟ್ಟಿದ್ರ ಇಷ್ಟೊತ್ತಿಗೆ ಎರಡು ಬಾವಿ ಆಗ್ತಿದ್ವು. ಈಗ್ಲಾದ್ರೂ ಇಡಾಣೇನು?"

"ಮಾರದಿಲ್ಲ."

"ಮತ್ತ ಕುಡದವರನ್ನ ಕೇಳಾಣೇನು?"

"ಕೊಟ್ಟು ಕೇಳಿದ್ರೆ ಕೊಟ್ಟಂಗೇ ಅಲ್ಲ."

ಆ ದಿನವೂ ಅವಳು ಹನ್ನೆರಡು ಕೊಡ ನೀರು ಹೊತ್ತಳು. ಯುಗಾದಿಗೆ ಎರಡು ತಿಂಗಳೂ ಇರಲಿಲ್ಲ, ಮಂಡಿ ಈಗ ಏರಿ ಹತ್ತುವಾಗ ಕಟಕಟ ಎನ್ನುತ್ತಿತ್ತು. ಸೋತೆನೆಂದು ಹೇಳಿಬಿಟ್ಟರೆ ಅದು ಇನ್ನೂ ಇಪ್ಪತ್ತು ವರ್ಷ ಕಟಕಟ ಎನ್ನುವುದು ಖಂಡಿತ. ಹನ್ನೆರಡನೆಯ ಕೊಡ ಇಳಿಸುವಾಗ ಅವಳಿಗೆ ನೆನಪಾದದ್ದು ಮುಯ್ಯಿ.

ನಾಟಿಯ ಕಾಲದಲ್ಲಿ ಎಲ್ಲ ಊರಲ್ಲೂ ಇರುವುದೇ ಇದು. ನಿನ್ನ ಗದ್ದೆಗೆ ನಾನೊಂದು ದಿನ ಬಂದರೆ, ನನ್ನ ಗದ್ದೆಗೆ ನೀನೊಂದು ದಿನ. ಕೂಲಿಯಿಲ್ಲ, ಲೆಕ್ಕವಿಲ್ಲ, ತೀರಿಸದವನನ್ನು ಯಾರೂ ಬೈಯುವುದೂ ಇಲ್ಲ, ಮುಂದಿನ ವರ್ಷ ಅವನ ಗದ್ದೆಗೆ ಯಾರೂ ಇಳಿಯುವುದಿಲ್ಲ, ಅಷ್ಟೆ. ಮುಯ್ಯಿಯನ್ನು ಕೇಳಬಾರದು. ಆದರೆ ಕಾಣುವ ಹಾಗೆ ಕೂತುಕೊಳ್ಳಬಾರದೆಂದು ಯಾವ ಹಿರಿಯರೂ ಹೇಳಿಲ್ಲವಲ್ಲ.

ಶಿವರಾತ್ರಿ ಕಳೆಯಿತು. ಒಕ್ಕಣೆ ಮುಗಿದು ಗಂಡಸರೆಲ್ಲ ಜಗಲಿ ಹಿಡಿದಿದ್ದ ಸಮಯ. ಹುಲಿಯಮ್ಮ ಇಪ್ಪತ್ತೆರಡು ರೂಪಾಯಿಯಲ್ಲಿ ಮಿಣಿ ಹಗ್ಗಕ್ಕೂ ರಾಟೆಗೂ ಆಗುವಷ್ಟು ಎತ್ತಿಟ್ಟು, ಉಳಿದದ್ದಕ್ಕೆ ಅಕ್ಕಿ ತಂದಳು. ಒಂದಲ್ಲ, ಮೂರು ದೊಡ್ಡ ಗಡಿಗೆ ಹಾಕಿದಳು. ಹಾಕಿ ಒಲೆಯ ಮಗ್ಗುಲಲ್ಲಿ ಕೂರಿಸಲಿಲ್ಲ. ಹಿತ್ತಲಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಹಲಸಿನ ಮರದ ಕೆಳಗೆ ಹುಲ್ಲು ಹೊದಿಸಿ ಸಾಲಾಗಿ ಕೂರಿಸಿದಳು. ಪಕ್ಕದಲ್ಲಿ ನೆಲದ ಮೇಲೆ ಒಂದು ಸುತ್ತು ಗೆರೆ ಎಳೆದು, ಸೆರಗು ಸಿಕ್ಕಿಸಿ, ಗುದ್ದಲಿ ಎತ್ತಿದಳು.

ಬೇಲಿಯಾಚೆ ಕೆಂಪಪ್ಪನ ತಲೆ ಕಾಣಿಸಿತು. "ಏನು ಮಾಡಾಕತ್ತೀ ತಂಗಿ?"

"ಬಾವಿ ತೋಡ್ತಿದೀನಣ್ಣ."

"ಅವೇನು ಗಡಿಗಿ, ಮೂರು?"

"ನೀರು ಬಂದ ದಿನ ತೋಡಿದವ್ರಿಗೆ ಕೊಡ್ಬೇಕಲ್ಲ."

"ತೋಡಿದವರು ಯಾರು?"

"ಸದ್ಯಕ್ಕೆ ನಾನೊಬ್ಳೇ." ಅವಳು ಗುದ್ದಲಿ ಹಾಕಿದಳು. "ಮೂರು ಗಡಿಗೆ ನಂಗೊಬ್ಳಿಗೆ ಜಾಸ್ತಿ ಆಗ್ತದೇನೋ."

ಕೆಂಪಪ್ಪ ಗಡಿಗೆಗಳನ್ನು ನೋಡಿದ. ಅವಳ ಮಂಡಿಗೆ ಕಟ್ಟಿದ್ದ ಬಟ್ಟೆಯನ್ನು ನೋಡಿದ. ಜಗಲಿಯ ಮೂಲೆಯಲ್ಲಿ ಹತ್ತು ತಿಂಗಳಿಂದ ತಾನು ಮರೆಯುತ್ತಲೇ ಬಂದ ಗಂಜಿಯ ಪಾತ್ರೆಯೂ ಕಂಡಿತು. ತಲೆ ಬೇಲಿಯ ಕೆಳಗೆ ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಅದೇ ತಲೆ ಬಾಗಿಲಿನಿಂದ ಬಂತು, ಹೆಗಲ ಮೇಲೆ ಹಾರೆ. "ಸರಿ ಆಕಡೆ," ಎಂದ. "ಹೆಣ್ಮಕ್ಕಳು ಗುದ್ದಲಿ ಹಾಕೋದು ಸೊಪ್ಪಿನ ಮಡಿ ಮಾಡಿದಂಗ ಕಾಣ್ತೈತಿ, ಬಾವಿ ಆಗೋದಿಲ್ಲ."

ಮಧ್ಯಾಹ್ನಕ್ಕೆ ಏಳು ಜನ. ಸಂಜೆಗೆ ಹನ್ನೊಂದು. ಯಾರೂ ಕರೆದಿರಲಿಲ್ಲ, ಯಾರೂ ಯಾಕೆ ಬಂದೆವೆಂದು ಹೇಳಲಿಲ್ಲ. ಇಬ್ಬರು ಕೆಳಗೆ ಅಗೆಯುವುದು, ಇಬ್ಬರು ಬುಟ್ಟಿ ತುಂಬುವುದು, ಉಳಿದವರು ಮಿಣಿ ಹಿಡಿದು ಎಳೆಯುವುದು. ಹೆಂಗಸರು ಮಣ್ಣು ಹೊತ್ತು ಹಿತ್ತಲ ಬದುವಿಗೆ ಹಾಕುವುದು. ಮೂರು ಗಡಿಗೆ ಪಕ್ಕದಲ್ಲೇ ಕೂತು ಕೇಳುತ್ತಿದ್ದರಿಂದ ಯಾರೂ ಜಗಳ ಆಡುವಂತಿರಲಿಲ್ಲ. ಹನ್ನೊಂದು ಗಂಡಸರು ನಾಲ್ಕು ದಿನ ಒಂದು ಕೆಟ್ಟ ಮಾತಿಲ್ಲದೆ ಕೆಲಸ ಮಾಡಿದ್ದು ಹುಣಸೆಕೊಪ್ಪದಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಮೂರನೆಯ ದಿನ ಉಚ್ಚಂಗಪ್ಪ ಬಂದ, ಎಂದಿನ ಹಾಗೆ ಪರಿಮಳದ ಜಾಡು ಹಿಡಿದು. ಅವನನ್ನು ಕಂಡದ್ದೇ ಕೆಂಪಪ್ಪನ ಹುಬ್ಬು ಗಂಟಾಯಿತು. ಎರಡು ವರ್ಷದ ಹಿಂದೆ ಉಚ್ಚಂಗಪ್ಪ ಅವನಿಗೊಂದು ಎತ್ತು ಮಾರಿದ್ದ. ದಿಣ್ಣೆ ಬಂದ ಕಡೆಯೆಲ್ಲ ಅದು ಕೂತುಬಿಡುತ್ತಿತ್ತು. ಕೆಂಪಪ್ಪ ಬಾಯಿ ತೆರೆಯುವಷ್ಟರಲ್ಲಿ ಶೇಷಮ್ಮ ಕೋಲಿನಿಂದ ಗಡಿಗೆ ತೋರಿಸಿದಳು. ಕೆಂಪಪ್ಪ ಉಗುಳು ನುಂಗಿ, "ಬರ್ರಿ, ಆರಾಮಾ?" ಎಂದ. ಉಚ್ಚಂಗಪ್ಪ ನೆರಳಿನಲ್ಲಿ ಕಂಬಳಿ ಹಾಸಿ ಕೂತು, "ಬಲಕ್ಕ ಸ್ವಲ್ಪ ಸರೀರಿ... ಹಾಂ... ಸಾಕು" ಎಂದು ಮೇಲ್ವಿಚಾರಣೆ ಶುರುಮಾಡಿದ.

ನಮ್ಮ ಕಡೆ ಬಾವಿಯ ಆಳವನ್ನು ಆಳಿನ ಎತ್ತರದಿಂದಲೇ ಅಳೆಯುವುದು. ನಾಲ್ಕನೆಯ ದಿನದ ಹೊತ್ತಿಗೆ ಮೂರಾಳಿನಷ್ಟು ಇಳಿದಿದ್ದರು. ಗಡಿಗೆಗಳ ಗುಸುಗುಸು ನಿಂತು, ಹಿತ್ತಲೆಲ್ಲ ಬಾಳೆಹಣ್ಣಿನ ಪರಿಮಳ. ಹೆಂಡ ಮಾಗಿತ್ತು, ನೀರು ಬಂದಿರಲಿಲ್ಲ. ಕೆಳಗೆ ಹಾರೆ ಕಲ್ಲಿಗೆ ತಾಗಿ ಖಣ್ ಎಂದಿತು.

ಐದನೆಯ ದಿನ ಬೆಳಿಗ್ಗೆ ಎಲ್ಲರೂ ಗಡಿಗೆಯ ಸುತ್ತ ನಿಂತರು. ಹುಚ್ಚರಾಯಪ್ಪ ಮೆಲ್ಲಗೆ ಹೇಳಿದ: "ಇವತ್ತು ಇಳಸಬೇಕು ಕಣೆ. ಸಂಜಿ ದಾಟಿದ್ರ ಹುಳೀತೈತಿ."

ಹುಲಿಯಮ್ಮನಿಗೂ ಗೊತ್ತಿತ್ತು. ಅವಳ ಕೈಯ ಗಡಿಗೆ ಒಂದು ಸಲವೂ ಹುಳಿದದ್ದಿಲ್ಲ. ತವರಿನಲ್ಲಿ ಅವಳಿಗಿದ್ದ ಹೆಸರೇ ಅದು. ಬಟ್ಟೆ ಬಿಚ್ಚಿದರೆ ಎಲ್ಲರೂ ಕುಡಿದು, ಹಾಡಿ, ಮುಯ್ಯಿ ತೀರಿತೆಂದು ಮನೆಗೆ ಹೋಗುತ್ತಾರೆ. ಮೂರಾಳಿನ ಒಣ ಗುಂಡಿ ಉಳಿಯುತ್ತದೆ. ಮತ್ತೆ ಅಕ್ಕಿ ತರಲು ಅಂಡೆಯಲ್ಲಿ ಜಿರಲೆಯೂ ಇಲ್ಲ.

ಅವಳು ಗಡಿಗೆಯ ಮುಂದೆ ಕೂತು, ಕಟ್ಟಿದ್ದ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದಳು.

"ಹುಳಿದ್ರೆ ಹುಳೀಲಿ. ನೀರು ಬಂದ ಮೇಲೇ ಬಿಚ್ಚದು."

ನೆರಳಿನಲ್ಲಿ ಏನೋ ದೊಡ್ಡದು ಅಲುಗಾಡಿತು. ಉಚ್ಚಂಗಪ್ಪ ಎದ್ದಿದ್ದ.

"ಮೂರು ಗಡಿಗಿ," ಎಂದ, ಮಕ್ಕಳು ಮನೆ ಬಿಟ್ಟು ಹೋದವರ ದನಿಯಲ್ಲಿ. "ಮೂರು ಗಡಿಗಿ ಹುಳಿಯಾಕ ಬಿಡ್ತೀಯೇನ ತಂಗಿ?"

"ನಾನು ಬಿಡದಲ್ಲ ಅಣ್ಣ. ಕಲ್ಲು ಬಿಡ್ತಿಲ್ಲ."

ಉಚ್ಚಂಗಪ್ಪ ಅಂಗಿ ಕಳಚಿದ. ಆ ಮೈ ಬಿಸಿಲು ಕಂಡು ಬಹಳ ವರ್ಷಗಳಾಗಿದ್ದವು. "ಇಳಸ್ರಲೇ ನನ್ನ," ಎಂದ. ಮಿಣಿ ಹಿಡಿದು ಇಳಿಸಲು ಆರು ಜನ ಬೇಕಾಯಿತು. ಮುಂದೆ ನಿಂತವನು ಕೆಂಪಪ್ಪನೇ. ಅರ್ಧಕ್ಕೆ ಇಳಿದ ಮೇಲೆ ಕೆಂಪಪ್ಪ ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: "ಉಚ್ಚಂಗಪ್ಪಾರ, ಆ ಎತ್ತು... ಕೂರ್ತೈತಲ್ಲ... ಅದು ಗೊತ್ತಿತ್ತೇನ್ರಿ ನಿಮಗ, ಮಾರೋವಾಗ?"

ಉಚ್ಚಂಗಪ್ಪ ಕೆಳಗಿನ ಕಲ್ಲು ನೋಡಿದ, ಮೇಲಿನ ಹಗ್ಗ ನೋಡಿದ. ಆಮೇಲೆ: "ಹಗ್ಗ ಗಟ್ಟಿ ಹಿಡಕಳಪ್ಪ. ಬದಲಿ ಎತ್ತು ಕೊಡ್ತೀನಿ."

ಇದೂ ಜಗಳವಲ್ಲ. ಗಡಿಗೆಗಳು ಕೇಳಿಸಿಕೊಂಡು ಸುಮ್ಮನಿದ್ದವು.

ಉಚ್ಚಂಗಪ್ಪ ಆ ದಿನ ಹತ್ತು ವರ್ಷದ ಕೆಲಸವನ್ನು ಒಟ್ಟಿಗೆ ಮಾಡಿದ. ಹಾರೆಯ ಸದ್ದಿಗೆ ಮರದ ಮೇಲಿನ ಕಾಗೆಗಳು ಊರು ಬಿಟ್ಟವು. ನಡುನಡುವೆ ಮೇಲಕ್ಕೆ ಕೂಗಿ ಕೇಳುತ್ತಿದ್ದ: "ತಂಗೀ, ಇನ್ನೂ ಸಿಹಿ ಐತೇನು?" ಹುಲಿಯಮ್ಮ ಗಡಿಗೆಯ ಬಾಯಿಯ ಬಟ್ಟೆ ಮೂಸಿ ಹೇಳುತ್ತಿದ್ದಳು: "ಐತಣ್ಣ." ಬಿಸಿಲು ಇಳಿಯುವ ಹೊತ್ತಿಗೆ ಮೂಸಿ, ಮತ್ತೊಂದು ಸಲ ಮೂಸಿದಳು. "ಹೇಳ ತಂಗೀ!" "ಸ್ವಲ್ಪ ಹುಳಿ ಹಿಡೀತಾ ಐತೆ ಅಣ್ಣ." ಕೆಳಗಿನಿಂದ ಒಂದು ಆರ್ತನಾದ, ಹಿಂದೆಯೇ ಒಂದು ಹೊಡೆತ. ಕಲ್ಲು ಬಿರಿದ ಸದ್ದು. ಆಮೇಲೆ ಉಚ್ಚಂಗಪ್ಪನ ದನಿ, ಯಾರೋ ಕಚಗುಳಿ ಇಟ್ಟ ಹಾಗೆ: "ತಣ್ಣಗೈತಿ! ಏ, ಕಾಲಿಗೆ ತಣ್ಣಗೈತಿ! ಎಳೀರಲೇ ನನ್ನ, ಮುಳಗ್ತೀನಿ!"

ಮೂರೂವರೆ ಆಳು. ನೀರು ಆಗ ಅವನ ಪಾದದಷ್ಟಿತ್ತು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ನಮ್ಮನ್ನು ಮಂಡಿಯೂರಿ ಕೂರಿಸಿ, ಮದುವೆಯ ಮನೆಯಲ್ಲಿ ನೀರು ಮದ್ಯವಾದ ಪವಾಡವನ್ನು ಹೇಳುತ್ತಿದ್ದರು. ಮದ್ಯ ನೀರಾದದ್ದನ್ನು ಕೇಳಿದ್ದು ಹುಣಸೆಕೊಪ್ಪದಲ್ಲಿ ಮಾತ್ರ.

ಗಡಿಗೆಗಳ ಬಟ್ಟೆ ಬಿಚ್ಚಿದರು. ಮೊದಲ ಸೌಟು ಒಲೆಗೆ ಹೋಯಿತು, ಎರಡನೆಯದನ್ನು ಹುಲಿಯಮ್ಮ ಬಾವಿಯ ಅಂಚಿಗೆ ಸುರಿದಳು. ಮೂರನೆಯದು ಉಚ್ಚಂಗಪ್ಪನಿಗೆ. ಅವನು ಕುಡಿದು, ಒಂದು ಕಣ್ಣು ಮುಚ್ಚಿ, ಕೆನ್ನೆ ಒಳಕ್ಕೆ ಎಳೆದುಕೊಂಡು, ಇಡೀ ಮುಖವನ್ನು ಹಿಂಡಿದ ನಿಂಬೆಹಣ್ಣಿನ ಹಾಗೆ ಮಾಡಿ, "ಇಂಥಾದ್ದು ಕುಡದೇ ಇರಲಿಲ್ಲ!" ಎಂದ. ಅದು ನಿಜ. ಹನ್ನೆರಡು ಜನರೂ ಮುಖ ಕಿವುಚುತ್ತಲೇ ಮೂರು ಗಡಿಗೆಯನ್ನೂ ಮುಗಿಸಿದರು. ಆ ಸಂಜೆ ಕೆಂಪಪ್ಪ ಗಂಜಿಯ ಪಾತ್ರೆಯನ್ನು ನೆನಪಿಟ್ಟು ಮನೆಗೆ ಒಯ್ದ.

ಯುಗಾದಿಯ ಬೆಳಿಗ್ಗೆ ಹೊಸ ರಾಟೆ ಕಿರುಗುಟ್ಟಿತು. ಹುಲಿಯಮ್ಮ ತಗ್ಗು ಬಿದ್ದ ಹಿತ್ತಾಳೆ ಕೊಡದಲ್ಲಿ ಮೊದಲ ನೀರು ಸೇದಿದಳು. ಎಣ್ಣೆನೀರು ಮೊದಲು ಹಿರಿಯರಿಗೆ. ತಲೆತುಂಬ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕೂತ ಶೇಷಮ್ಮ ಸುತ್ತ ನೋಡಿದಳು.

"ಏ ಹುಲಿ, ಮನ್ಯಾಗ ಗಡಿಗಿ ಕುಂತೈತೇನು?"

"ಇಲ್ಲ ಅತ್ತೆ. ಅಕ್ಕಿ ಇಲ್ಲ. ಮುಂದಿನ ತಿಂಗ್ಳೇ ಇನ್ನು."

"ಹಿತ್ತಲದಾಗ?"

"ಅಲ್ಲೂ ಇಲ್ಲ."

"ಹಂಗಾರ ಕೇಳಿಲ್ಲೆ," ಎಂದು ಶೇಷಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಹೋದ ಯುಗಾದಿಯ ಹೋಳಿಗೆಗೆ ಉಪ್ಪು ಹಾಕದ್ದರಿಂದ ಶುರು. ಮಳೆಗಾಲದಲ್ಲಿ ನೆನೆದ ಸೌದೆ, ದೀಪಾವಳಿಯ ಸೀರೆಯ ಬಣ್ಣ, ಭಾವನಿಗೆ ಕೊಯ್ದ ಮೊಟ್ಟೆಯಿಡುವ ಕೋಳಿ, ಸೊಸೆಯ ಬಾಯಿ, ಸೊಸೆಯ ಅಮ್ಮನ ಬಾಯಿ. ಆ ವರ್ಷ ಆ ಮನೆಯಲ್ಲಿ ಒಂದು ಚೂರೂ ಪೋಲಾಗದ ಹಾಗೆ ಉಳಿತಾಯ ಮಾಡಿದ್ದವಳು ಅವಳೊಬ್ಬಳೇ. ಶೇಷಮ್ಮನ ಬಳಿ ಎಲ್ಲವೂ ಶೇಷವಿತ್ತು. ಹುಲಿಯಮ್ಮ ನಗುತ್ತ ಒಂದೊಂದು ಮಾತಿಗೆ ಒಂದೊಂದು ಚೊಂಬು ನೀರು ಹೊಯ್ದಳು. ಕೊಡ ಖಾಲಿಯಾಯಿತು, ಮಾತು ಮುಗಿಯಲಿಲ್ಲ.

"ತಡೀರಿ ಅತ್ತೆ," ಎಂದು ಅವಳು ಕೊಡ ಎತ್ತಿಕೊಂಡು ಎದ್ದಳು, "ಇನ್ನೊಂದು ಕೊಡ ತರ್ತೀನಿ. ಹತ್ರಾನೇ ಐತೆ."